ಹದಿನಾಲ್ಕನೇ ನಂಬರಿನ ಕೈಯ ದಾರ

ಮಗ ಡಾಕ್ಟರಾಗಲು ಹೊರಟರೆ ಮನೆಯಲ್ಲಿ ವಿಶೇಷವೇನೂ ನಡೆಯುವುದಿಲ್ಲ, ಇಂಜಿನಿಯರಾಗಲು ಹೊರಟರೆ ಇನ್ನೂ ಕಡಿಮೆ. ಬ್ಯಾಸ್ಕೆಟ್‌ಬಾಲ್ ಆಡಲು ಹೊರಟರೆ ಮಾತ್ರ ಏನಾದರೊಂದು ನಡೆಯುತ್ತಲೇ ಇರುತ್ತದೆ.

ನಾನು ಮೈಸೂರಿನವನು. ಈಗ ಕೆನಡಾದ ಮೆಡೋವೇಲ್‌ನ ಒಂದು ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲಿ ಆ ಕೆಲಸ ಹೆಂಡತಿಯದು. ಒಬ್ಬನೇ ಮಗ, ಆರಡಿ ಮೂರಿಂಚು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಮೆರಿಕದ ಕಾಲೇಜೊಂದು ಫೀಸು, ಊಟ, ವಸತಿ ಎಲ್ಲ ತನ್ನದೇ ಎಂದು ಅವನನ್ನು ಕರೆಸಿಕೊಂಡಿತು. ಷರತ್ತು ಒಂದೇ: ಆಟದ ಹೆಸರಿನಲ್ಲಿ ಹೊರಗಿನ ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಟೀಮೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ, ಫೀಸು ಅಪ್ಪನ ತಲೆಗೆ. ಹಾಗಾಗಿ ಈ ಷರತ್ತು ಮಗನಿಗಿಂತ ನನಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ದಾರ

ಅವನು ಹೊರಡುವ ದಿನ ಹೆಂಡತಿ ಆಂಜನೇಯನಿಗೆ ಪೂಜೆ ಮಾಡಿಸಿದ ಕೆಂಪು ದಾರವನ್ನು ಅವನ ಬಲಗೈಗೆ ಕಟ್ಟಿದಳು. ಮೊದಲ ಮ್ಯಾಚಿನಲ್ಲೇ ರೆಫರಿ ಅದನ್ನು ಬಿಚ್ಚು ಅಂದನಂತೆ. ಮಗ ಫೋನ್ ಮಾಡಿ ಹೇಳಿದ.

"ಆ ರೆಫರಿಗೆ ಫೋನ್ ಕೊಡು" ಅಂದಳು ಇವಳು.

ಕೊನೆಗೆ ದಾರದ ಮೇಲೆ ಬಿಳಿ ಟೇಪ್ ಸುತ್ತಿಕೊಳ್ಳುವುದೆಂದು ರಾಜಿಯಾಯಿತು. ಅಂದಿನಿಂದ ಟಿವಿಯಲ್ಲಿ ಮ್ಯಾಚ್ ಬಂದರೆ ಹೆಂಡತಿ ಚೆಂಡನ್ನೂ ನೋಡಳು, ಸ್ಕೋರನ್ನೂ ನೋಡಳು. "ಟೇಪ್ ಇದೆ" ಎಂದು ಹೇಳಿ ಒಗ್ಗರಣೆಗೆ ಹೋಗುವಳು. ಮಗ ಹೆಚ್ಚು ಹೊತ್ತು ಬೆಂಚಿನ ಮೇಲೇ ಕೂತಿರುತ್ತಿದ್ದರಿಂದ ಕೈ ಚೆನ್ನಾಗಿ ಕಾಣುತ್ತಿತ್ತು.

ಶಾಲು

ಮೊದಲ ಬೇಸಿಗೆ ರಜೆಗೆ ಮಗ ಬಂದಾಗ ನಮ್ಮ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಅವನಿಗೆ ಸನ್ಮಾನ ಎಂದು ಗೊತ್ತಾಯಿತು. ಅಧ್ಯಕ್ಷರು ಧಾರವಾಡ ಕಡೆಯ ರಿಟೈರ್ಡ್ ಡಾಕ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ ತಂದೇಬಿಟ್ಟಿದ್ದರು. ಮಗ ಎರಡು ಹೆಜ್ಜೆ ಹಿಂದೆ ಸರಿದು, "ಅಂಕಲ್, ಐ ಕಾಂಟ್ ಟೇಕ್ ಇಟ್" ಅಂದ.

"ಯಾಕಪಾ, ಬಣ್ಣ ಸೇರಲಿಲ್ಲೇನು?" ಅಂದರು ಡಾಕ್ಟರು.

ನಾನು ಷರತ್ತನ್ನು ವಿವರಿಸಿದೆ. ಡಾಕ್ಟರು ಕೈಯಲ್ಲಿದ್ದ ಶಾಲನ್ನೊಮ್ಮೆ ನೋಡಿದರು. ತಂದ ಶಾಲನ್ನು ಯಾರಿಗೂ ಹೊದಿಸದೆ ವಾಪಸ್ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. "ಹಂಗಾದ್ರ ಅಪ್ಪಗ ಹೊದಸೂಣು" ಎಂದು ನನಗೆ ಹೊದಿಸಿದರು. ಬಸ್ಸು ಹಿಡಿಯಲೂ ಓಡದ ನಾನು ಕ್ರೀಡಾ ಸಾಧನೆಗಾಗಿ ಸನ್ಮಾನಿತನಾದೆ. ಮಗ ಎರಡೂ ಕೈ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ.

ಮನೆಗೆ ಹೊರಟಾಗ ಕಾರಿನಲ್ಲಿ ಗೊತ್ತಾಯಿತು, ಅಷ್ಟರಲ್ಲೇ ಅವನು ಬುಟ್ಟಿಯಿಂದ ಒಂದು ಬಾಳೆಹಣ್ಣು ತಿಂದಿದ್ದ. ಷರತ್ತಿನಲ್ಲಿ ಬಾಳೆಹಣ್ಣಿಗೆ ವಿನಾಯಿತಿ ಇರಲಿಲ್ಲ. ದಾರಿಯಲ್ಲಿ ಅಂಗಡಿಗೆ ನುಗ್ಗಿ ಒಂದು ಬಾಳೆಹಣ್ಣು ಕೊಂಡು, ಪಾರ್ಕಿಗೆ ವಾಪಸ್ ಹೋಗಿ ಬುಟ್ಟಿಯಲ್ಲಿಟ್ಟು ಬಂದೆ. ನೋಡಿದವರೆಲ್ಲ ಶಾಲು ತಲೆಗೇರಿದೆ ಅಂದುಕೊಂಡರು.

ಡಬ್ಬಿ

ಮುಂದಿನ ಚಳಿಗಾಲ ಆಫೀಸಿನ ಪಂಜಾಬಿ ಸಹೋದ್ಯೋಗಿಯೊಬ್ಬರು, ದೂರದ ವಿಟ್ಬಿಯಿಂದ ದಿನಾ ಬಂದು ಹೋಗುವವರು, ನನ್ನ ಟೇಬಲ್ಲಿಗೆ ಬಂದು, "ಭಾಯಿ ಸಾಬ್, ನಿಮ್ಮ ಹುಡುಗ ನಮ್ಮನೆ ಬೇಸ್‌ಮೆಂಟಲ್ಲಿ ಇದ್ದಾನೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಗಾಬರಿಯಿಂದ ಎದ್ದು ನಿಂತೆ. ಅವರ ಮಕ್ಕಳು ಆಡುವ ವಿಡಿಯೋ ಗೇಮಿನಲ್ಲಂತೆ.

ಅಂದೇ ಹೋಗಿ ಗೇಮಿನ ಡಬ್ಬಿಯನ್ನೂ ಅದನ್ನು ಆಡುವ ಪೆಟ್ಟಿಗೆಯನ್ನೂ ಕೊಂಡು ತಂದೆ. ನಿಜವೇ. ಅದೇ ಕಾಲೇಜು, ಜರ್ಸಿಯ ಮೇಲೆ ಅದೇ ಹದಿನಾಲ್ಕನೇ ನಂಬರು, ಅದೇ ಎತ್ತರ, ಅದೇ ಎಡಗೈ ಆಟ, ನಮ್ಮ ಮನೆತನದ ಅದೇ ಮೂಗು. ಹೆಸರು ಮಾತ್ರ ಇಲ್ಲ. ಇವನು ನಿಜವಾದ ಯಾವ ವ್ಯಕ್ತಿಯೂ ಅಲ್ಲ ಎಂಬುದು ಕಂಪನಿಯ ಹೇಳಿಕೆ. ಹೆಂಡತಿ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಲಗೈಯಲ್ಲಿ ಬಿಳಿ ಟೇಪ್!

"ರೀ, ಅದರೊಳಗಿರೋದು ನಾನು ಕಟ್ಟಿದ ದಾರ."

ಮಗನಿಗೆ ಫೋನ್ ಮಾಡಿ, "ಎಷ್ಟು ಕೊಟ್ಟರೋ?" ಅಂದೆ. ಅವನಿಗೆ ಏನೂ ಕೊಟ್ಟಿರಲಿಲ್ಲ, ಕೊಟ್ಟರೂ ಮುಟ್ಟುವಂತಿರಲಿಲ್ಲ. "ನೀವು ಫುಲ್ ಪ್ರೈಸ್ ಕೊಟ್ರಾ, ಅಪ್ಪ?" ಎಂದು ಕೇಳಿದ. ನಮ್ಮ ಮನೆಯಲ್ಲಿ ಹುಟ್ಟಿದ ಮೂಗನ್ನು ನೋಡಲು ದುಡ್ಡು ಕೊಟ್ಟವನು ನಾನೊಬ್ಬನೇ.

ಕೋಚ್

ಕೊಂಡ ಮೇಲೆ ಆಡಬೇಕಲ್ಲ. ಕಾಲೇಜಿನ ಕೋಚ್ ಮಗನನ್ನು ಬೆಂಚಿನ ಮೇಲೆ ಕೂರಿಸಿದರೆ, ನಮ್ಮ ಬೇಸ್‌ಮೆಂಟಿನಲ್ಲಿ ನಾನು ಅವನನ್ನು ಪೂರ್ತಿ ಮ್ಯಾಚ್ ಆಡಿಸುತ್ತಿದ್ದೆ. ಒಂದು ಬಟನ್ ಒತ್ತಿದರೆ ಎಡಕ್ಕೆ ಹೋಗುತ್ತಿದ್ದ, ಇನ್ನೊಂದು ಒತ್ತಿದರೆ ಬಲಕ್ಕೆ. ಹುಟ್ಟಿದಾಗಿನಿಂದ ಮೊದಲ ಸಲ ನಾನು ಹೇಳಿದ ಕಡೆ ಹೋದ. ಸಂತೋಷಕ್ಕೆ ಕಣ್ಣು ಮಂಜಾಯಿತು.

ಹೆಂಡತಿ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು: "ಮಗೂನ ಒಂದೇ ಸಮ ಓಡಿಸ್ತಿದೀರಲ್ಲ, ಸ್ವಲ್ಪ ಕೂರಿಸ್ರೀ!"

ನಾನೂ ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಆ ಕೋಚಿನ ಮನೆಯಲ್ಲೂ ಹೀಗೇ ಯಾರೋ ಹೇಳುತ್ತಿರಬೇಕು.

ಟೇಪ್

ಆ ವರ್ಷದ ಪಿಕ್ನಿಕ್ಕು ಎಟೋಬಿಕೋದಲ್ಲಿ, ಸರೋವರದ ದಂಡೆಯ ಪಾರ್ಕಿನಲ್ಲಿ. ಬಿಸಿಬೇಳೆಬಾತಿನ ನಂತರ ಒಂದು ಚರ್ಚೆ ಇರಲೇಬೇಕು. ಪ್ರತಿ ವರ್ಷ "ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆ?" ಎಂದು ಚರ್ಚಿಸುತ್ತಿದ್ದೆವು, ಮಕ್ಕಳು ದೂರದಲ್ಲಿ ಇಂಗ್ಲಿಷಿನಲ್ಲಿ ಆಡಿಕೊಂಡಿರುತ್ತಿದ್ದರು. ಈ ಸಲ ಹೆಂಡತಿಯ ಒತ್ತಾಯಕ್ಕೆ ವಿಷಯ ಬದಲಾಯಿತು: ವಿಡಿಯೋ ಗೇಮಿನಲ್ಲಿ ತೋರಿಸುವ ಕಾಲೇಜು ಆಟಗಾರರಿಗೆ ದುಡ್ಡು ಕೊಡಬೇಕೇ?

ನನಗೆ ಸ್ಕಾಲರ್‌ಶಿಪ್ಪಿನ ಚಿಂತೆ. "ಸುಮ್ನಿರೇ, ಅವನ ಓದಿಗೇ ಕುತ್ತು ಬಂದೀತು" ಅಂದೆ.

"ತಗೋಬಾರದು ಅಂತ ತಾನೇ ಇರೋದು? ಕೇಳಬಾರದು ಅಂತ ಇಲ್ವಲ್ಲ" ಅಂದಳು. ಷರತ್ತು ಅವಳಿಗೂ ಬಾಯಿಪಾಠವಾಗಿತ್ತು.

ಡಾಕ್ಟರು ವಿರೋಧ ಪಕ್ಷ. "ಓದೂ ಹುಡುಗ್ರಿಗೆ ರೊಕ್ಕಾ ಯಾಕ್ರೀ? ಫೀಸ್ ಕೊಡ್ತಾರ, ಊಟಾ ಹಾಕ್ತಾರ. ಮ್ಯಾಲಾಗಿ ಅದು ನಿಮ್ಮ ಮಗಾ ಅಂತ ಹೆಂಗ ಹೇಳ್ತೀರಿ? ಹೆಸರಽ ಇಲ್ಲಲ್ಲ!"

ಇದಕ್ಕಾಗಿಯೇ ಕಾಯುತ್ತಿದ್ದ ಹೆಂಡತಿ ಎದ್ದಳು. "ಹೆಸರು ಅಳಿಸಿದ್ರು ಸರ್, ನಾನು ಕಟ್ಟಿದ ದಾರ ಅಳಿಸೋಕಾಗ್ಲಿಲ್ಲ. ಬಾರೋ ಇಲ್ಲಿ, ಟೇಪ್ ಬಿಚ್ಚಿ ತೋರಿಸು!"

ಮಗ ರಜೆಯಲ್ಲೂ ಟೇಪ್ ತೆಗೆದಿರಲಿಲ್ಲ. ಅವನು ಬಂದ, ಆದರೆ ಬಿಚ್ಚಲಿಲ್ಲ. "ಅಮ್ಮ, ಲೆಟ್ಸ್ ನಾಟ್ ಡೂ ದಿಸ್" ಎಂದ. ಹೆಂಡತಿ ತಾನೇ ಬಿಚ್ಚಿದಳು. ಒಂದು ಸುತ್ತು, ಎರಡು ಸುತ್ತು, ಆಮೇಲೆ ಬರೀ ಕೈ. ಬಿಸಿಲು ಕಾಣದ ಬೆಳ್ಳಗಿನ ಪಟ್ಟಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಟೇಪ್ ಹಾಕಿದ್ ಮುಂದಿನ್ ವಾರಾನೇ ಶವರ್‌ನಲ್ಲಿ ಬಿತ್ತು" ಅಂದ ಮಗ ತಲೆ ತಗ್ಗಿಸಿ. "ಯೂ ವರ್ ಲುಕಿಂಗ್ ಫಾರ್ ಇಟ್ ಆನ್ ಟಿವಿ. ಸೋ ಐ ಕೆಪ್ಟ್ ದಿ ಟೇಪ್."

ಡಾಕ್ಟರು ಮೆಲ್ಲಗೆ, "ದಾರಾನೂ ಇಲ್ಲ, ಕೇಸೂ ಇಲ್ಲ" ಅಂದರು.

ಹೆಂಡತಿಯ ಕಣ್ಣು ತುಂಬಿತ್ತು. ಅಳುತ್ತಾಳೆ ಅಂದುಕೊಂಡೆ. ಆದರೆ ಅವಳು ಟೇಪನ್ನು ಮೇಲೆತ್ತಿ ಹಿಡಿದಳು.

"ಈಗಲೇ ಕೇಸ್ ಗಟ್ಟಿ ಆಗಿರೋದು, ಸರ್! ಪ್ರಪಂಚದಲ್ಲಿ ಬೇರೆ ಯಾವ ಹುಡುಗ ಇಲ್ಲದ ದಾರ ಮುಚ್ಚೋಕೆ ಟೇಪ್ ಹಾಕ್ತಾನೆ? ಇವನು ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳನ್ನೂ ಅವರು ಕಾಪಿ ಹೊಡೆದಿದಾರೆ. ಅದಕ್ಕೂ ಸೇರಿಸಿ ಕೊಡಬೇಕು!"

ಎಲ್ಲರೂ ಕೈ ಎತ್ತಿದರು, ಡಾಕ್ಟರೂ ಎತ್ತಿದರು. ಮಗನಿಗೆ ದುಡ್ಡು ಕೊಡಬೇಕೆಂದು ಪಿಕ್ನಿಕ್ಕು ಒಮ್ಮತದಿಂದ ತೀರ್ಮಾನಿಸಿತು. ಕಂಪನಿಗೆ ಈ ವಿಷಯ ಇನ್ನೂ ತಲುಪಿಲ್ಲ.

ಮನೆಗೆ ಬಂದವಳೇ ಹೆಂಡತಿ ದೇವರ ಮುಂದಿನಿಂದ ಹೊಸ ದಾರ ತೆಗೆದಳು. ಮಗ ಪಾಪ, ಕೈ ಚಾಚಿ ನಿಂತ. ಅವಳು ಅವನನ್ನು ದಾಟಿಕೊಂಡು ಬೇಸ್‌ಮೆಂಟಿಗೆ ಇಳಿದು, ಟಿವಿಯ ಕೆಳಗಿದ್ದ ಗೇಮಿನ ಪೆಟ್ಟಿಗೆಗೆ ಆ ದಾರವನ್ನು ಮೂರು ಗಂಟು ಹಾಕಿ ಕಟ್ಟಿದಳು.

"ಅಮ್ಮ, ವಾಟ್ ಅಬೌಟ್ ಮೀ?" ಅಂದ ಮಗ.

"ನೀನು ಸ್ನಾನ ಮಾಡ್ತೀಯಪ್ಪ" ಅಂದಳು. "ಇವನು ಮಾಡಲ್ಲ."