ಮಾವನ ದೋಣಿಗೆ ಅಳಿಯನ ಬುಶ್

ನಾನು ಕಾರವಾರದ ಒಂದು ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಲೇಥ್ ನಡೆಸುತ್ತೇನೆ. ಸಿಎನ್‌ಸಿ ಅಂದರೆ ಸಾಮಾನ್ಯವಲ್ಲ! ಅಳತೆಗಳನ್ನು ಪ್ರೋಗ್ರಾಮಿನಲ್ಲಿ ಬರೆದು, ಲೋಹದ ಸರಳನ್ನು ಚಕ್ ಎಂಬ ಹಿಡಿಕೆಗೆ ಕಚ್ಚಿಸಿ, ಹಸಿರು ಗುಂಡಿ ಒತ್ತಿದರೆ ಮುಗಿಯಿತು. ಸರಳು ಗಿರ್ರನೆ ತಿರುಗುತ್ತದೆ. ಉಳಿಗಳು ಸರದಿಯ ಮೇಲೆ ತಾವೇ ಬಂದು ಹೆರೆಯುತ್ತವೆ, ಕೊರೆಯುತ್ತವೆ, ಕತ್ತರಿಸುತ್ತವೆ. ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಇದನ್ನು ಅಂಕೋಲೆ ಕಡೆಯ ಬೇಲೇಕೇರಿಯಲ್ಲಿರುವ ಮಾವನಿಗೆ ನಾನು ಪ್ರತಿ ಹಬ್ಬಕ್ಕೂ ವಿವರಿಸುತ್ತಿದ್ದೆ. ಮೀನುಗಾರರಾದ ಅವರು ಬಂಗುಡೆಯ ಮುಳ್ಳು ಬಿಡಿಸುತ್ತ "ಹೌದಾ" ಎನ್ನುತ್ತಿದ್ದರು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ದಿನ ಬೆಳಿಗ್ಗೆ ಮಾವ ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಹಳೆಯ ಬುಶ್. ದೋಣಿಯ ಪಂಖ ತಿರುಗಿಸುವ ಶಾಫ್ಟು ಇರುತ್ತದಲ್ಲ, ಅದು ಹಾದುಹೋಗುವ ಹಿತ್ತಾಳೆ ಬಳೆ.

"ತಮಾ, ಇದು ಸಡ್ಲಾಗ್ಬಿಟ್ಟದೆ. ಶಾಫ್ಟು ಗಡಗಡ ಅಂತದೆ. ನಾಳೆ ಎಲ್ಲಾರೂ ಸಮುದ್ರಕ್ಕೆ ಹೋಗೂರು. ನನ್ ದೋಣಿ ಒಂದೇ ದಂಡೆ ಮೇಲೆ ಕೂತ್ರೆ ಮುಖ ತೋರ್ಸೂಕೆ ಆಗೂದಿಲ್ಲ."

"ಸಂಜೆಯೊಳಗೆ ಇದರ ಪಡಿಯಚ್ಚೇ ತರ್ತೆ ಮಾವ!"

ಹೆಂಡತಿ ಸುಮಿತ್ರಾ ಬಾಗಿಲಲ್ಲೇ ತಡೆದಳು. "ಅಳ್ತೆ ನೋಡೂಕೆ ದೋಣಿ ಹತ್ರ ಹೋಗೂದಿಲ್ವಾ?"

"ಬುಶ್ಶೇ ಕೈಲದೆ. ದೋಣಿ ಎಂತಕೆ?"

ಮಾಲೀಕರ ಅಪ್ಪಣೆ ಪಡೆದು, ಆ ಬುಶ್ಶನ್ನು ಒಳಗೂ ಹೊರಗೂ ಮೈಕ್ರಾನ್ ಲೆಕ್ಕದಲ್ಲಿ ಅಳೆದೆ. ಪ್ರೋಗ್ರಾಂ ಬರೆದೆ. ಉದ್ದನೆಯ ಹಿತ್ತಾಳೆ ಸರಳು ಏರಿಸಿ, ಹಸಿರು ಗುಂಡಿ ಒತ್ತಿ, ಚಹಾ ಅಂಗಡಿಗೆ ಹೋದೆ. ಅಲ್ಲಿದ್ದವರಿಗೆಲ್ಲ ನನ್ನ ಯಂತ್ರದ ಮಹಿಮೆ ಹೇಳದೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಮರಳಿ ಬಂದರೆ ಬುಶ್‌ಗಳ ರಾಶಿ! ನಮ್ಮ ಯಂತ್ರ ಒಂದು ಮುಗಿದ ಕೂಡಲೇ ಸರಳನ್ನು ತಾನೇ ಮುಂದೆ ಎಳೆದುಕೊಂಡು ಇನ್ನೊಂದು ಶುರು ಮಾಡುತ್ತದೆ. ಒಂದೇ ಸಾಕೆಂದು ಪ್ರೋಗ್ರಾಮಿನಲ್ಲಿ ಹೇಳಲು ನಾನು ಮರೆತಿದ್ದೆ. ಮಾಲೀಕರು ರಾಶಿಯನ್ನೂ ನನ್ನನ್ನೂ ನೋಡಿದರು. "ಎಲ್ಲಾ ನಿನ್ ಪಗಾರಿಗೇ" ಎಂದರು. ನಾನು ಧೈರ್ಯಗೆಡಲಿಲ್ಲ. ಚೀಲಕ್ಕೆ ತುಂಬಿ ಬೇಲೇಕೇರಿಯ ಬಸ್ಸು ಹತ್ತಿದೆ.

ದಂಡೆಯಲ್ಲಿ ಅಕ್ಕಪಕ್ಕದ ದೋಣಿಯವರೆಲ್ಲ ಸೇರಿದ್ದರು. ಮಾವ ಬುಶ್ ಕೂರಿಸಿ ಶಾಫ್ಟು ಅಲ್ಲಾಡಿಸಿದರು. ಗಡಗಡ!

ಇನ್ನೊಂದು ಕೂರಿಸಿದರು. ಗಡಗಡ! ಮತ್ತೊಂದು. ಅದೂ ಅಷ್ಟೇ ಗಡಗಡ, ಸ್ವಲ್ಪವೂ ಹೆಚ್ಚುಕಡಿಮೆ ಇಲ್ಲ. ಸಿಎನ್‌ಸಿ ಅಲ್ಲವೇ!

"ತಮಾ," ಮಾವ ಮೆಲ್ಲಗೆ ಕೇಳಿದರು, "ನೀ ಯಾವ ತೂತು ಅಳ್ದೆ?"

"ನೀವು ಕೊಟ್ಟ ಬುಶ್ಶಿಂದು."

"ಅದು ಸವದದ್ದು ಅಲ್ಲನಾ! ಅದ್ಕೇ ಅಲ್ಲನಾ ನಿನ್ ಕೈಲಿ ಕೊಟ್ಟದ್ದು!"

ಹಳೆಯ ಬುಶ್ ಸವೆಯಲು ವರ್ಷಗಟ್ಟಲೆ ಹಿಡಿದಿತ್ತು. ನಾನು ಅದೇ ಸವೆತವನ್ನು ಹೊಚ್ಚಹೊಸದಾಗಿ, ಫಳಫಳ ಹೊಳೆಯುವಂತೆ, ಚೀಲದ ತುಂಬ ತಯಾರಿಸಿದ್ದೆ! ದಂಡೆಯ ತುಂಬ ನಗು. ಸುಮಿತ್ರಾ ಫೋನಿನಲ್ಲಿ ಕೇಳಿ ನಗಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಎಲ್ಲ ದೋಣಿಗಳೂ ಹೊರಟವು, ಮಾವನದೊಂದು ಬಿಟ್ಟು. ಅವರು ಸುಮ್ಮನೆ ಬೀಡಿ ಸೇದುತ್ತ ನಿಂತದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಶಾಫ್ಟನ್ನೇ ಅಳೆದುಕೊಂಡು ಕಾರವಾರಕ್ಕೆ ಓಡಿ, ಸರಿಯಾದ ಬುಶ್ ಮಾಡಿ ತಂದೆ. ಒಂದೇ ಒಂದು! ಸಂಜೆ ದೋಣಿ ಸದ್ದಿಲ್ಲದೆ ನೀರಿಗಿಳಿಯಿತು. ಮಾವ ಬೆನ್ನು ತಟ್ಟಿದರು.

ನಾನು ಎದೆಯುಬ್ಬಿಸಿ ತಿರುಗಿದರೆ, ಅತ್ತೆ ದಂಡೆಗೆ ತಾಗಿದ ಮನೆಯಂಗಳದಲ್ಲಿ ಕೂತು ನನ್ನ ಚೀಲ ಬಿಚ್ಚಿ, ಬಲೆಯ ಅಂಚಿಗೆ ಬುಶ್‌ಗಳನ್ನು ಭಾರಕ್ಕೆ ಕಟ್ಟುತ್ತಿದ್ದರು.

"ಅಳಿಯಾ, ಮುಳುಗೂಕೆ ಇವು ಪಸಂದಾಗವೆ. ಮುಂದಿನ ವರ್ಷ್ಕೂ ಹಿಂಗೇ ಒಂದ್ ಚೀಲ ತಪ್ಪು ಮಾಡ್ಕಂಡ್ ಬಾ!"