ಬರೆಯದ ಮೊಸಳೆಯ ಪ್ರಸಂಗ

ಹೊಗಳಿಕೆಯನ್ನು ನಾನು ಎಂದೂ ಅನುಮಾನಿಸಿದವನಲ್ಲ. ಯಾರಾದರೂ ಬೈದರೆ ಅವರಿಗೆ ಹೊಟ್ಟೆಯುರಿ ಇರಬೇಕು ಎಂದುಕೊಳ್ಳುತ್ತೇನೆ. ಹೊಗಳಿದರೆ ಅವರು ತಿಳಿದವರು ಎಂದು ತಕ್ಷಣ ಒಪ್ಪಿಕೊಂಡುಬಿಡುತ್ತೇನೆ. ಇಷ್ಟು ಒಳ್ಳೆಯ ಸ್ವಭಾವ ಇಟ್ಟುಕೊಂಡೂ ಈ ವಯಸ್ಸಿನಲ್ಲಿ ನನಗೆ ತಲೆಕೆಟ್ಟು ಹೋಗಿದೆ ಎಂದರೆ, ತಪ್ಪು ಖಂಡಿತ ಬೇರೆಯವರದೇ ಇರಬೇಕು. ಯಾರದು ಎಂಬುದೊಂದೇ ಗೊತ್ತಾಗುತ್ತಿಲ್ಲ.

ನನ್ನ ಯೋಗ್ಯತೆಯನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ಅದನ್ನು ಕಂಡವರೆಲ್ಲ ನಿವೃತ್ತರಾಗಿ ಅವರವರ ಊರು ಸೇರಿದ್ದಾರೆ. ವಡೋದರದ ಹತ್ತಿರ, ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ನಾನು ಇದ್ದಷ್ಟು ಕಾಲ ಯಾರೂ ನೆಮ್ಮದಿಯಿಂದ ಕೆಲಸ ಮಾಡಲಿಲ್ಲ. ಕ್ಯಾಂಟೀನಿಗೆ ಹೊಸ ಚಹಾ ಯಂತ್ರ ಬಂದಾಗ, ‘ಮೊದಲು ಎರಡೂ ಕೈ ಜೋಡಿಸಿ ನಮಸ್ಕರಿಸಿ, ನಂತರ ಗುಂಡಿ ಒತ್ತಿ’ ಎಂದು ಗುಜರಾತಿಯಲ್ಲಿ ಒಂದು ಚೀಟಿ ಅಂಟಿಸಿದೆ. ಇಡೀ ಶಿಫ್ಟು ಸಾಲಾಗಿ ನಿಂತು ಕೈಮುಗಿಯಿತು. ನಮ್ಮ ಮ್ಯಾನೇಜರರಂತೂ ಚಹಾ ಸ್ವಲ್ಪ ಸ್ಟ್ರಾಂಗ್ ಬರಲಿ ಎಂದು ಎರಡು ಸಲ ಮುಗಿದರು. ಇಂಥ ಕಥೆಗಳನ್ನು ವಡೋದರದ ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಹಬ್ಬಕ್ಕೂ ಊಟಕ್ಕೆ ಮೊದಲು ಹೇಳುತ್ತಿದ್ದೆ. ಜನ ನಗುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ನಗುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿದ್ದರೆ ನನ್ನ ಪ್ರತಿಭೆ ಅರ್ಥವಾದೀತು. ಆದರೆ ಹೊಸ ಕಾರ್ಯದರ್ಶಿ ಬಂದು ನನ್ನ ಹೊತ್ತನ್ನು ತೆಗೆದು ಮಕ್ಕಳ ಕ್ವಿಜ್‌ಗೆ ಕೊಟ್ಟುಬಿಟ್ಟ. ಮೈಕು ಹೋದ ಮೇಲೆ ಸಂಘದಲ್ಲಿ ನನ್ನ ಜಾಗ ಯಾವುದೆಂದೇ ತಿಳಿಯದಾಯಿತು. ಮುಂದಿನ ಸಾಲು ಪದಾಧಿಕಾರಿಗಳದು, ಹಿಂದಿನ ಸಾಲು ಫೋನ್ ನೋಡುವ ಹುಡುಗರದು. ನಡುವೆ ಕೂತರೆ ಬೇರೆಯವರ ಮಾತು ಕೇಳಬೇಕು. ಅದು ನನಗೆ ಅಭ್ಯಾಸವಿಲ್ಲ.

ಯಾರೂ ಕಿತ್ತುಕೊಳ್ಳಲಾಗದ ಮೈಕೊಂದಿದೆ, ಅದರ ಹೆಸರು ಬ್ಲಾಗು ಎಂದು ಗೊತ್ತಾದದ್ದು ಆಗಲೇ. ಅಲ್ಕಾಪುರಿ ಬಡಾವಣೆಯಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಸುವ ಒಂದು ಕ್ಲಾಸಿಗೆ ಸೇರಿಕೊಂಡೆ. ಸಿದ್ಧವಾಗಿರುವ ಬ್ಲಾಗಿನಲ್ಲಿ ಹೆಸರು ತುಂಬಿಸಿ ಬರೆಯುವುದು ಬಾಡಿಗೆ ಮನೆಯಲ್ಲಿದ್ದ ಹಾಗೆ. ನನ್ನದನ್ನು ನಾನೇ ಕಟ್ಟುತ್ತೇನೆ ಎಂದು ಹಟ ಹಿಡಿದೆ. ಕಲಿಸುವ ಹೇತಲ್‌ಬೆನ್‌ಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು, ನನಗಿಂತ ಹೆಚ್ಚು ತಾಳ್ಮೆ. ವೆಬ್ ಪುಟದಲ್ಲಿ ಟ್ಯಾಗ್ ಎಂಬ ಒಂದು ಗುರುತು ತೆರೆದರೆ ಅದನ್ನು ಮುಚ್ಚಲೇಬೇಕು ಎಂಬುದು ಅವಳ ಮೊದಲ ಪಾಠ. ಬಚ್ಚಲುಮನೆಯ ನಲ್ಲಿಯ ವಿಷಯದಲ್ಲಿ ನನ್ನ ಹೆಂಡತಿ ಸರೋಜ ಇದನ್ನೇ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಆಗ ಕಲಿಯದವನು ಈಗ ಕಲಿಯುತ್ತೇನೆಯೇ? ದಪ್ಪ ಅಕ್ಷರದ ಗುರುತನ್ನು ತೆರೆದು ಮುಚ್ಚಲು ಮರೆತೆ, ಪುಟದ ಕೊನೆಯವರೆಗೂ ಅಕ್ಷರಗಳೆಲ್ಲ ಕೂಗಾಡಿದವು. ನನಗೆ ಅದೇ ಚೆನ್ನಾಗಿ ಕಂಡಿತು, ಹಾಗೇ ಬಿಟ್ಟೆ.

ಅಂತೂ ಮನೆಯ ಕಂಪ್ಯೂಟರಿನಲ್ಲಿ ನನ್ನ ಪುಟ ತೆರೆದುಕೊಂಡಿತು. ಅದರ ನೆತ್ತಿಯ ಮೇಲೆ ಉದ್ದವಾದ ಒಂದು ವಿಳಾಸವೂ ಬಂತು. ಅದನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ಓದಿ ಆನಂದಿಸಿ ಎಂದು ಅಪ್ಪಣೆ ಕೊಟ್ಟೆ. ಹೆಬ್ಬೆರಳುಗಳು, ಜೋಡಿಸಿದ ಕೈಗಳು, ಹೂಗುಚ್ಛಗಳು ಸುರಿದವು. ಉಡುಪಿ ಹೋಟೆಲಿನ ಶೆಟ್ಟರು ಫೋನ್ ಮಾಡಿಯೇ ಹೊಗಳಿದರು. ರೈಲ್ವೆಯಲ್ಲಿದ್ದ ಧಾರವಾಡದ ಕುಲಕರ್ಣಿಯವರು ಪುಟದ ಬಣ್ಣವೂ ಹಿತವಾಗಿದೆ ಎಂದರು. ಅಪಸ್ವರ ಬಂದದ್ದು ಅಡುಗೆಮನೆಯಿಂದ ಮಾತ್ರ. ಒತ್ತಿದರೆ ಏನೂ ಆಗುತ್ತಿಲ್ಲವಲ್ಲ ಎಂದು ಸರೋಜ ಫೋನ್ ಹಿಡಿದು ಬಂದಳು. ಊರಿಗೆಲ್ಲ ಕಂಡದ್ದು ನಿನಗೊಬ್ಬಳಿಗೆ ಕಾಣದಿದ್ದರೆ ಕನ್ನಡಕ ಬದಲಾಯಿಸು ಎಂದು ಸಲಹೆ ಕೊಟ್ಟೆ.

ಮರುವಾರ ಕ್ಲಾಸಿನಲ್ಲಿ ಆ ವಿಳಾಸವನ್ನು ಹೆಮ್ಮೆಯಿಂದ ಹೇತಲ್‌ಬೆನ್‌ಗೆ ತೋರಿಸಿದೆ. ಅವಳು ನೋಡಿದಳು, ತುಟಿ ಕಚ್ಚಿಕೊಂಡಳು.

“ಕಾಕಾ, ಆ ತೋ ತಮಾರಾ ಘರ್‌ಮಾಂ ಜ ಛೇ,” ಎಂದಳು.

ಇದು ನಿಮ್ಮ ಮನೆಯಲ್ಲೇ ಇದೆಯಲ್ಲ ಕಾಕಾ, ಎಂದು. ನಾನು ಕಳಿಸಿದ್ದು ಇಂಟರ್ನೆಟ್ಟಿನ ವಿಳಾಸವೇ ಅಲ್ಲವಂತೆ. ನನ್ನ ಕಂಪ್ಯೂಟರಿನ ಒಳಗೆ ಆ ಪುಟ ಯಾವ ಮೂಲೆಯಲ್ಲಿ ಕೂತಿದೆ ಎಂಬುದರ ಗುರುತಂತೆ. ಮದುವೆಯ ಕರೆಯೋಲೆಯಲ್ಲಿ ಛತ್ರದ ಹೆಸರಿನ ಬದಲು ‘ನಮ್ಮ ಬೀರುವಿನ ಮೇಲಿನ ಅರೆ’ ಎಂದು ಅಚ್ಚು ಹಾಕಿಸಿದ ಹಾಗೆ. ಅದನ್ನು ಭೂಮಿಯ ಮೇಲೆ ಇನ್ನೊಬ್ಬರು ನೋಡಲು ಸಾಧ್ಯವೇ ಇಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಹಾಗಾದರೆ ಕುಲಕರ್ಣಿಯವರಿಗೆ ಹಿತವಾದ ಬಣ್ಣ ಯಾವುದು?

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಮನೆ ಸೇರುತ್ತಿದ್ದರು. ನನಗೆ ಮಾತ್ರ ಬಹಳ ದಿನಗಳ ನಂತರ ಬೇಟೆ ಸಿಕ್ಕ ಖುಷಿಯಾಯಿತು. ಭಾನುವಾರ ಬೆಳಿಗ್ಗೆ ಶೆಟ್ಟರ ಹೋಟೆಲಿಗೆ ಹೋದೆ. ಕುಲಕರ್ಣಿಯವರು ಇಡ್ಲಿಯ ಮುಂದೆ ಕೂತಿದ್ದರು, ಶೆಟ್ಟರು ಗಲ್ಲಾದ ಹಿಂದೆ. ಮಳೆಗಾಲದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿದರೆ ಮೊಸಳೆಗಳು ಬೀದಿಗೆ ಬರುವುದು ನಮ್ಮೂರಿನಲ್ಲಿ ಹೊಸದಲ್ಲ. ಆದ್ದರಿಂದ, ನಾನು ಜನ್ಮದಲ್ಲಿ ಬರೆದಿರದ ಒಂದು ಪ್ರಸಂಗವನ್ನು ಗಾಳಿಯಲ್ಲಿ ಬಿಟ್ಟೆ: ನಮ್ಮ ಬಚ್ಚಲುಮನೆಗೆ ಮೊಸಳೆ ಬಂದದ್ದರ ಬಗ್ಗೆ ಬ್ಲಾಗಿನಲ್ಲಿ ಹಾಕಿದ್ದೆನಲ್ಲ, ಅದು ಹೇಗಿತ್ತು?

“ಅಯ್ಯೋ, ಎಂಥ ಹೇಳುದು ಮಾರಾಯ್ರೇ,” ಎಂದು ಶೆಟ್ಟರು ಆಗಲೇ ನಗತೊಡಗಿದರು. “ನಗಾಡಿ ನಗಾಡಿ ಹೊಟ್ಟೆ ಹುಣ್ಣಾಯ್ತು. ಮನೆಯವಳಿಗೂ ಓದಿ ಹೇಳಿದೆ.”

ಕುಲಕರ್ಣಿಯವರು ಚಟ್ನಿಯಲ್ಲಿ ಇಡ್ಲಿ ಅದ್ದಿ, ವಿಮರ್ಶಕರ ಗಾಂಭೀರ್ಯದಿಂದ ತಲೆಯಾಡಿಸಿದರು. “ಛಲೋ ಬರದೀರಿ ರಾಯರ. ಆದ್ರ ಕಡೀಕ ಸ್ವಲ್ಪ ಉದ್ದ ಆತು ನೋಡ್ರಿ.”

ಹೊಟ್ಟೆ ತುಂಬ ನಕ್ಕು ಮನೆಗೆ ಹೊರಟವನಿಗೆ ಅರ್ಧ ದಾರಿಯಲ್ಲೇ ಕಸಿವಿಸಿ ಶುರುವಾಯಿತು. ಸಿಕ್ಕಿಬಿದ್ದವರು ಅವರು, ನಿಜ. ಆದರೆ ಕಷ್ಟಪಟ್ಟು ಬರೆದದ್ದಕ್ಕೆ ಹೆಬ್ಬೆರಳು, ಬರೆಯದೇ ಇದ್ದದ್ದಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗು ಎಂದರೆ ಏನರ್ಥ? ಮೈಕು ಕೈಯಲ್ಲಿದ್ದಾಗ ನಕ್ಕವರೂ ಊಟ ಬೇಗ ಬಡಿಸಲಿ ಎಂದೇ ನಕ್ಕಿರಬಹುದೇ? ಇಂಥ ಯೋಚನೆ ನನಗೆ ಅದುವರೆಗೆ ಬಂದಿರಲಿಲ್ಲ. ಮನೆಗೆ ಹೋದವನೇ ಮೊಸಳೆಯ ಪ್ರಸಂಗವನ್ನು ನಿಜವಾಗಿಯೂ ಬರೆಯಲು ಕೂತೆ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೊನೆಯನ್ನು ಕುಲಕರ್ಣಿಯವರಿಗಾಗಿ ಚಿಕ್ಕದು ಮಾಡಿದೆ. ಹೇತಲ್‌ಬೆನ್ ಪಕ್ಕದಲ್ಲಿ ಕೂತು, ಈ ಸಲ ಇಡೀ ಲೋಕಕ್ಕೆ ಕಾಣುವ ಹಾಗೆ ಅದನ್ನು ಏರಿಸಿಕೊಟ್ಟಳು. ವಿಳಾಸವನ್ನು ಗುಂಪಿಗೆ ಹಾಕಿದ ಕೂಡಲೇ ಸರೋಜ ಅಡುಗೆಮನೆಯಿಂದ, “ರೀ, ಇದು ತೆರೀತು,” ಎಂದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ನಗುವೂ ಕೇಳಿಸಿತು. ಅದು ಮೊಸಳೆಗೋ ಗುಂಪಿನಲ್ಲಿ ಬಂದ ಬೇರೆ ಯಾವುದಕ್ಕೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಶೆಟ್ಟರೂ ಓದಿದರು. ಈ ಸಲ ಖಂಡಿತ ಓದಿದ್ದರು, ನಡುವಿನ ಸಾಲುಗಳನ್ನೇ ಎತ್ತಿ ಹೇಳಿದರು. ಆದರೆ ಮುಖದಲ್ಲಿ ಬೇಸರವಿತ್ತು.

“ಅಲ್ಲ ರಾಯ್ರೇ, ಮೊದಲು ಬರೆದದ್ದೇ ಲಾಯ್ಕ ಇತ್ತು. ಯಾಕೆ ತಿದ್ದಿದ್ದು ನೀವು? ಮೊಸಳೆ ನಿಮ್ಮ ಟವೆಲ್ ಸುತ್ತಿಕೊಂಡು ಹೊರಗೆ ಬಂದದ್ದು ಉಂಟಲ್ಲ, ಅದನ್ನೇ ತೆಗೆದುಬಿಟ್ಟಿದ್ದೀರಿ.”

ಇಂಥ ಮೊಸಳೆ ಇರಲೇ ಇಲ್ಲ ಎನ್ನಲು ಬಾಯಿ ತೆರೆದೆ. ಹಾಗೆ ಹೇಳಿದರೆ ನನ್ನ ಬೀರುವಿನ ವಿಳಾಸದ ಕಥೆಯೂ ಹೊರಬೀಳುತ್ತದೆ, ಮುಚ್ಚಿಕೊಂಡೆ. ಶೆಟ್ಟರು ಮುಗ್ಧರಾಗಿ ಹೇಳಿದರೋ, ಎಲ್ಲ ಗೊತ್ತಿದ್ದು ನನ್ನನ್ನು ಆಡಿಸುತ್ತಿದ್ದರೋ, ಅವರ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಅವರು ನನಗೆ ಚಿಲ್ಲರೆ ಎಣಿಸಿಕೊಡುವಾಗಲೂ ಅದೇ ಮುಖ. ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಆ ಟವೆಲು ನಾನು ಬರೆದ ಯಾವ ಸಾಲಿಗಿಂತಲೂ ಚೆನ್ನಾಗಿತ್ತು. ಮನೆಗೆ ಬಂದು ಯಾರಿಗೂ ಹೇಳದೆ ಮೊಸಳೆಗೆ ಟವೆಲ್ ಸುತ್ತಿದೆ. ಮರುದಿನ ಶೆಟ್ಟರು, ಹಾಂ, ಈಗ ಮೊದಲಿನ ಹಾಗೆ ಆಯಿತು ಎಂದು ಒಂದು ಕಾಫಿಯನ್ನು ಬಿಟ್ಟಿಯಾಗಿ ಕೊಟ್ಟರು. ಈಗ ಅವರ ಹೋಟೆಲಿನಲ್ಲಿ ಗಲ್ಲಾದ ಪಕ್ಕದ ಕುರ್ಚಿ ನನಗೇ ಮೀಸಲು. ಪ್ರತಿ ಭಾನುವಾರ ಅಲ್ಲಿ ಕೂತು, ಮುಂದೆ ಏನು ಬರೆದಿದ್ದೇನೆ ಎಂದು ಶೆಟ್ಟರ ಬಾಯಿಂದ ಕೇಳಿ ತಿಳಿದುಕೊಂಡು, ಮನೆಗೆ ಬಂದು ಬರೆಯುತ್ತೇನೆ.