ತಪ್ಪಿದವರ ತಲೆಗೆ ಮುಸುರಿ

ಬೇರೆಯವರ ಮೈ ರಾಡಿಯಾದರೆ ನನಗೆ ನಗು ಬರುತ್ತದೆ. ನಾನು ತಾಲೂಕು ಕಚೇರಿಯ ಗುಮಾಸ್ತ, ಸೋಮವಾರ ಒಪ್ಪತ್ತು ಹಿಡಿಯುವವನು. ಆದರೂ ಬಸ್‌ಸ್ಟ್ಯಾಂಡಿನ ಕೆಸರಿನಲ್ಲಿ ಯಾರಾದರೂ ಜಾರಿ ಬಿದ್ದರೆ ಮೊದಲು ನಕ್ಕು ಆಮೇಲೆ ಕೈ ಕೊಡುತ್ತೇನೆ. ಮನುಷ್ಯನ ಈ ಕೆಟ್ಟ ಗುಣವನ್ನೇ ಬಂಡವಾಳ ಮಾಡಿಕೊಂಡು ಹೊರದೇಶದವರು ಟೀವಿಯಲ್ಲಿ ಮಕ್ಕಳ ಆಟ ನಡೆಸುತ್ತಾರೆಂದು ತಿಳಿದದ್ದು ಎಂಬತ್ತರ ದಶಕದ ಕೊನೆಗೆ, ಸವಣೂರಿನಲ್ಲಿ.

ಸವಣೂರಿನ ನನ್ನ ಗೆಳೆಯ ದಾದಾಪೀರನ ಅಣ್ಣ ದುಬೈಯಿಂದ ಒಂದು ವಿಡಿಯೋ ಯಂತ್ರ ತಂದಿದ್ದ. ರಂಜಾನ್ ಹಬ್ಬಕ್ಕೆ ಮಗಳು ಸುಮಾಳನ್ನು ಕರೆದುಕೊಂಡು ಹೋದಾಗ ಶಾವಿಗೆ-ಹಾಲಿನ ಸುರಕುಂಬಾ ಕುಡಿಯುತ್ತ ಅವನ ಕ್ಯಾಸೆಟ್ ನೋಡಿದೆವು. ಬೆಳ್ಳನೆಯ ಮಕ್ಕಳು ಸಾಲಾಗಿ ನಿಂತಿದ್ದವು. ಒಬ್ಬ ಪ್ರಶ್ನೆ ಕೇಳುವುದು, ಉತ್ತರ ತಪ್ಪಿದ ಮಗುವಿನ ತಲೆಯ ಮೇಲೆ ಹಸಿರು ಗಂಜಿ ದೊಪ್ಪನೆ ಬೀಳುವುದು, ಇಷ್ಟೇ. ಭಾಷೆ ಒಂದಕ್ಷರ ತಿಳಿಯಲಿಲ್ಲ, ಆಟ ಪೂರ್ತಿ ತಿಳಿಯಿತು. ದಾದಾಪೀರನ ತಾಯಿ ಮಾತ್ರ ನಗಲಿಲ್ಲ. “ಆ ಹುಡುಗರ ರಾಡಿ ಅರಿವಿ ಒಗಿಯಾಕಿ ಯಾರವಾ?” ಎಂದು ಕೇಳಿದರು. ನಾವು ಮತ್ತೆ ಟೀವಿಯ ಕಡೆ ತಿರುಗಿದೆವು.

ನಮ್ಮೂರು ಹಿರೇಕೆರೂರಿಗೆ ಮರಳಿದ ಮರುದಿನವೇ ನಮ್ಮ ಹಿತ್ತಲಲ್ಲಿ ಆಟ ಶುರುವಾಯಿತು. ಹಸಿರು ಗಂಜಿ ಎಲ್ಲಿಂದ ತರುವುದು? ಅಕ್ಕಿ ತೊಳೆದ ನೀರು, ನಿನ್ನೆಯ ಸಾರು, ಬದನೆಕಾಯಿ ತೊಟ್ಟು ಎಲ್ಲ ಸೇರಿಸಿ ಎಮ್ಮೆಗೆಂದು ಇಟ್ಟ ಮುಸುರಿ ಬಕೀಟು ಇತ್ತಲ್ಲ! ಹೆಂಡತಿ ಬೈದಳು, ಎಮ್ಮೆ ಒದರಿತು. ಓಣಿಯ ಮಕ್ಕಳೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳತೊಡಗಿದರು. ಪ್ರಶ್ನೆ ಕೇಳಲು ನಮ್ಮ ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿದ್ದರು.

ಅಪ್ಪ ನಿವೃತ್ತ ಹೆಡ್‌ಮಾಸ್ತರರು. ನಾನು ಸಣ್ಣವನಿದ್ದಾಗ ನನಗೂ ಅವರೇ ಮಾಸ್ತರು, ಅದು ನನ್ನ ಪೂರ್ವಜನ್ಮದ ಕರ್ಮ. ಜಿಲ್ಲೆಯ ತಾಲೂಕುಗಳನ್ನು ಒಂದೇ ಉಸಿರಿಗೆ ಹೇಳಬೇಕಿತ್ತು; ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಎಂದು ಮೊದಲಾಗಬೇಕು. ನಾನು ಯಾವಾಗಲೂ ನಾಲ್ಕನೆಯದನ್ನು ನುಂಗುತ್ತಿದ್ದೆ. “ಹಿರೇಕೆರೂರ ಎಲ್ಲಿ ಹೋತಲೇ? ತಿಂದೇನು?” ಎಂದು ಅಂಗೈಗೆ ಛಡಿ ಬೀಳುತ್ತಿತ್ತು. ದೇವರ ಆಟ ನೋಡಿ, ಈಗ ನೌಕರಿಯಲ್ಲಿ ದಿನಕ್ಕೆ ನೂರು ಸಲ ಆ ಹೆಸರನ್ನೇ ಬರೆಯುತ್ತೇನೆ.

ಒಂದು ಸಂಜೆ ಸುಮಾ, “ಅಜ್ಜಾ, ಇವತ್ತ ನಾವು ಕೇಳ್ತೇವಿ, ನೀ ಹೇಳಬೇಕು. ತಾಲೂಕು ಹೇಳು” ಎಂದಳು. ಕಚೇರಿಯಿಂದ ಆಗಷ್ಟೇ ಬಂದ ನಾನು ಬಾಗಿಲಲ್ಲೇ ನಿಂತೆ. ಅಪ್ಪ ಗಂಟಲು ಸರಿಮಾಡಿಕೊಂಡು, “ಹಾನಗಲ್ಲ, ಶಿಗ್ಗಾಂವ, ಸವಣೂರ...” ಎಂದು ನಿಂತರು. ಮತ್ತೆ ಮೊದಲಿನಿಂದ ಹೇಳಿ, ಮತ್ತೆ ಅಲ್ಲೇ ನಿಂತರು. ಮಕ್ಕಳನ್ನು ನಗಿಸಲು ಹಾಗೆ ಮಾಡುತ್ತಿದ್ದಾರೆಂದು ತಿಳಿದೆ. ಮೂವತ್ತು ವರ್ಷ ಕಾದಿದ್ದ ಅಂಗೈ ನನ್ನದು! ಬಕೀಟು ಎತ್ತಿ, “ಹಿರೇಕೆರೂರ ಎಲ್ಲಿ ಹೋತ್ರಿ ಮಾಸ್ತರ? ತಿಂದ್ರೇನು?” ಎಂದು ಪೂರ್ತಿ ಸುರಿದುಬಿಟ್ಟೆ. ಮಕ್ಕಳು ಕೇಕೆ ಹಾಕಿದರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಅಪ್ಪ ಸಿಟ್ಟಾಗಲಿಲ್ಲ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದರು: “ಈಗ ನಾವು ಕುಂತದ್ದು ಯಾವ ಊರಪಾ?”

ನಾನು ಬಕೀಟು ಕೆಳಗಿಟ್ಟೆ. ಆರು ತಿಂಗಳಿನಿಂದ ಅವರು ಚಹಾ ಕುಡಿದು ಮತ್ತೆ ಚಹಾ ಕೇಳಿದರೆ ಚಪಲ ಎಂದಿದ್ದೆವು, ಬೇರೆಯವರ ಮನೆ ಹೊಕ್ಕು ಬಂದರೆ ಮುಪ್ಪಿನ ಚೇಷ್ಟೆ ಎಂದಿದ್ದೆವು. ಹೆಂಡತಿ ಓಡಿ ಬಂದು, “ನಿಮಗೇನರ ಬುದ್ಧಿ ಐತೇನ್ರಿ? ಮುಸುರಿ ಅದು!” ಎಂದು ಅಳುತ್ತಲೇ ಬಿಸಿನೀರು ತಂದಳು. ಅಪ್ಪನ ಬಿಳಿ ಕೂದಲಿನಿಂದ ಅನ್ನದ ಅಗುಳನ್ನು ಒಂದೊಂದಾಗಿ ಆರಿಸಿದೆ. ಆ ಧೋತರವನ್ನು ನಾನೇ ಒಗೆದೆ. ಸಾರಿನ ಕಲೆ ಹೋಗಲಿಲ್ಲ.

ಹಿತ್ತಲಿನ ಆಟ ಅಂದಿಗೇ ನಿಂತಿತು. ನಮ್ಮಿಬ್ಬರದು ಮಾತ್ರ ಅಪ್ಪ ಇರುವತನಕ ನಡೆಯಿತು. ದಿನಾ ಸಂಜೆ ಅವರು ಮೂರು ಹೆಸರು ಹೇಳಿ ನನ್ನ ಮುಖ ನೋಡುತ್ತಿದ್ದರು, ನಾನು “ಹಿರೇಕೆರೂರ” ಎನ್ನುತ್ತಿದ್ದೆ. ಒಂದು ದಿನ ಅವರಿಗೆ ಬಹಳ ಖುಷಿಯಾಯಿತು. ಜನ್ಮದಲ್ಲಿ ಮೊದಲ ಸಲ ನನ್ನ ಬೆನ್ನು ತಟ್ಟಿ, “ಭಾಳ ಶಾಣ್ಯಾ ಅದೀಪಾ. ಯಾರ ಮಗಾ ನೀನು?” ಎಂದರು.

ಉತ್ತರ ಗೊತ್ತಿತ್ತು, ಬಾಯಿಂದ ಹೊರಡಲಿಲ್ಲ. ಆಟದ ನಿಯಮದಂತೆ ಆ ದಿನದ ಬಕೀಟು ನನ್ನ ತಲೆಯ ಮೇಲೆ ಬೀಳಬೇಕಿತ್ತು. ಸುರಿಯಬೇಕಾದವರು ಮಾತ್ರ ನನ್ನ ಬೆನ್ನು ತಟ್ಟುತ್ತಲೇ ಇದ್ದರು.